ಕೊಲ್ಹಾರದ ಗಡಿಗೆ ಮೊಸರು

ವಿಜಯಪುರದಿಂದ ಹುಬ್ಬಳ್ಳಿ ಕಡೆ ಹೊರಟ ರಾಷ್ಟ್ರೀಯ ಹೆದ್ದಾರಿ 52ರಲ್ಲಿ, ಕೃಷ್ಣೆಯ ಉದ್ದನೆಯ ಸೇತುವೆಗಿಂತ ಮೊದಲು ಕೊಲ್ಹಾರ ಸಿಗುತ್ತದೆ. ಹಳೆಯ ಊರು ಆಲಮಟ್ಟಿ ಹಿನ್ನೀರಿಗೆ ಹೋಯಿತು, ಮೊಸರಿನ ಹೆಸರು ಹೊಸ ಊರಿಗೂ ಬಂತು. ಬಸ್ಸು ನಿಂತರೆ ಸಾಕು, ‘ಮೊಸರ್ ರೀ, ಗಟ್ಟಿ ಮೊಸರು’ ಅನ್ನುವ ಕೂಗು. ಸಣ್ಣ ಮಣ್ಣಿನ ಗಡಿಗೆ, ಜೋಳದ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ): ಇದಕ್ಕಿಂತ ಒಳ್ಳೆಯ ದಾರಿಯೂಟ ಈ ಸೀಮೆಯಲ್ಲಿಲ್ಲ.

ಮಧ್ಯಾಹ್ನ ಮಾರುವ ಮೊಸರಿನ ಕೆಲಸ ಹಿಂದಿನ ದಿನವೇ ಶುರು. ಎಮ್ಮೆ ಹಾಲಿಗೆ ಹನಿ ನೀರೂ ಬೆರೆಸದೆ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕಾಯಿಸಬೇಕು. ಹಾಲು ಇಂಗಿದಷ್ಟೂ ಮೊಸರು ಗಟ್ಟಿ. ತಳ ಹತ್ತಿದ ಹಾಲು ಮೊಸರಿಗೆ ಬೇಡ, ಸೀದ ವಾಸನೆ ಹೋಗುವುದೇ ಇಲ್ಲ. ಹೆಪ್ಪು ಹಾಕುವ ಮುನ್ನ ಹಾಲು ಆರಬೇಕು: ಬೆರಳು ಅದ್ದಿದರೆ ಬೆಚ್ಚಗಿರಬೇಕು, ಸುಡಬಾರದು. 40 ಡಿಗ್ರಿ ಆಸುಪಾಸು. ಸುಡುವ ಹಾಲಿಗೆ ಬಿದ್ದ ಹೆಪ್ಪು ಸತ್ತೇ ಹೋಗುತ್ತದೆ. ಬೇಸಿಗೆಯಲ್ಲಿ ಲೀಟರಿಗೆ ಅರ್ಧ ಚಮಚ ಹೆಪ್ಪು ಸಾಕು, ಐದಾರು ತಾಸಿಗೆ ಗಟ್ಟಿಯಾಗುತ್ತದೆ. ಹೀಗಾಗಿ ಮಲಗುವ ಹೊತ್ತಿಗೆ ಹೆಪ್ಪು ಹಾಕಬೇಕು. ಸಂಜೆಯೇ ಹಾಕಿದರೆ ಬೆಳಗಾಗುವುದರೊಳಗೆ ಹುಳಿ. ಚಳಿಗಾಲಕ್ಕೆ ಒಂದು ಚಮಚ, ಎಂಟು-ಹತ್ತು ತಾಸು, ಮೇಲೆ ಗೋಣಿತಾಟಿನ ಹೊದಿಕೆ. ಹೆಪ್ಪು ಕೂಡುವಾಗ ಗಡಿಗೆ ಅಲುಗಾಡಿಸಿದರೆ ನೀರು ಬಿಡುವುದು ಖಂಡಿತ.

ಹಾಲಿನಷ್ಟೇ ಗಡಿಗೆಯೂ ಮುಖ್ಯ. ಮಣ್ಣಿನ ಸಣ್ಣ ರಂಧ್ರಗಳು ಮೊಸರಿನ ನೀರನ್ನು ಹೀರುತ್ತವೆ, ಆ ನೀರು ಹೊರಮೈಯಲ್ಲಿ ಆರುತ್ತ ಒಳಗಿನದನ್ನು ತಂಪಾಗಿಡುತ್ತದೆ. ಸ್ಟೀಲಿನ ಡಬ್ಬಿಯಲ್ಲಿ ಈ ಗಟ್ಟಿತನ ಬಾರದು. ಹೊಸ ಗಡಿಗೆಯನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ ಬಿಸಿಲಿಗೆ ಒಣಗಿಸಬೇಕು, ಇಲ್ಲದಿದ್ದರೆ ಮಣ್ಣಿನ ವಾಸನೆ. ಬಳಸಿದ್ದಕ್ಕೆ ಸೋಪು ತಾಗಿಸಲೇಬಾರದು, ಮಣ್ಣು ಅದನ್ನೂ ಹೀರುತ್ತದೆ. ಕುದಿನೀರು, ತೆಂಗಿನ ನಾರು, ಚೊಕ್ಕ ಬಿಸಿಲು ಸಾಕು. ಜಿಡ್ಡು ಉಳಿದ ಗಡಿಗೆಯಲ್ಲಿ ಹೊಸ ಮೊಸರೂ ಬೇಗ ಕಮಟು ವಾಸನೆ ಹೊಡೆಯುತ್ತದೆ.

ಕೊಳ್ಳುವಾಗ ಗಡಿಗೆಯನ್ನು ತುಸು ವಾಲಿಸಿ ನೋಡಿ. ‘ಅಕ್ಕಾರ, ಇವತ್ತಿಂದs ಏನ್ರಿ?’ ಅಂತ ಕೇಳಲು ಸಂಕೋಚ ಬೇಡ. ಮೇಲೆ ಕೆನೆ ಒಡೆಯದೆ ಕೂತಿರಬೇಕು, ಅಂಚಿನಲ್ಲಿ ಹಳದಿ ನೀರು ನಿಂತಿದ್ದರೆ ಮೊಸರು ಹಳೆಯದು, ಇಲ್ಲವೇ ಕುಲುಕಾಡಿದ್ದು. ಬಾಗಲಕೋಟೆಯವರೆಗೆ ಒಯ್ಯುವವರು ಗಡಿಗೆಯನ್ನು ಸೀಟಿನ ಮೇಲಿಡದೆ ಕಾಲಬುಡದಲ್ಲಿ, ಒದ್ದೆ ಬಟ್ಟೆ ಸುತ್ತಿ, ನೆಟ್ಟಗೆ ನಿಲ್ಲಿಸಿಕೊಳ್ಳಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದರೆ ಗಡಿಗೆ ಉಸಿರಾಡದೆ ಮೊಸರು ಬೆವರುತ್ತದೆ.