ಫ್ಲ್ಯಾಪ್ ಕಾಯ್ದ ರಾತ್ರಿಗಳು

ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಯಲ್ಲಿ ಡಾಕ್ಟರಿಕೆ ಕಲಿಯುವಾಗ ಸರ್ಜರಿ ಪೋಸ್ಟಿಂಗ್ ಬಂದರೆ ನಮಗೆಲ್ಲ ಓಟಿಯೊಳಗೆ, ಅಂದರೆ ಆಪರೇಷನ್ ಥಿಯೇಟರಿನೊಳಗೆ, ನಿಲ್ಲುವ ಆಸೆ. ವಾರ್ಡಿನಲ್ಲಿ ಬಾಯಿ ಕ್ಯಾನ್ಸರಿನ ರೋಗಿಗಳು ಸದಾ ಇರುತ್ತಿದ್ದರು. ಹಾವೇರಿ, ಗದಗ ಕಡೆಯ ರೈತರು, ಹಮಾಲರು, ಡ್ರೈವರುಗಳು. ತಂಬಾಕಿಗೆ ಸುಣ್ಣ ತಿಕ್ಕಿ ದವಡೆಗೆ ಒತ್ತಿಕೊಂಡೇ ದುಡಿದವರು. ಗುಟಕಾ 2013ರಲ್ಲೇ ನಿಷೇಧವಾಗಿತ್ತು. ಆದರೆ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿಯಾಗಿ ಅಂಗಡಿಗಳಲ್ಲಿ ನೇತಾಡುತ್ತಲೇ ಇತ್ತು. ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಬ್ಯಾಡಗಿ ಕಡೆಯ ರೈತರೊಬ್ಬರು ನನ್ನ ಪಾಲಿನ ಕೇಸ್. "ಕಾಕಾ, ಬಾಯಿ ತಗೀರಿ" ಎಂದರೆ ಮೂರು ಬೆರಳು ಹೋಗಬೇಕಾದಲ್ಲಿ ಒಂದೇ ಬೆರಳು ಹೋಯಿತು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ನುಂಗುತ್ತಿದ್ದರಂತೆ. "ಮೊದ್ಲ ನೋವಿರಲಿಲ್ರೀ ಸಾಹೇಬ್ರ, ಅದಕ್ಕ ಬರಲಿಲ್ಲ" ಎಂದರು.

ಆಪರೇಷನ್ನಿನಲ್ಲಿ ಕೆನ್ನೆಯ ಗಂಟು, ದವಡೆ ಎಲುಬಿನ ತುಂಡು, ಕುತ್ತಿಗೆಯ ಗ್ರಂಥಿಗಳು ಒಟ್ಟಿಗೇ ಹೊರಬಂದವು. ಗಂಟಿನ ಸುತ್ತ ಒಂದು ಸೆಂಟಿಮೀಟರ್ ಒಳ್ಳೆಯ ಭಾಗವನ್ನೂ ಸೇರಿಸಿಯೇ ತೆಗೆಯುತ್ತಾರೆ. ತೆಗೆದದ್ದಕ್ಕೆ ಸರ್ ಒಂದು ಉದ್ದ ದಾರ, ಒಂದು ಗಿಡ್ಡ ದಾರ ಹೊಲಿದರು. ಯಾವುದು ಮುಂದು, ಯಾವುದು ಮೇಲು ಎಂದು ಪೆಥಾಲಜಿಯವರಿಗೆ ಗೊತ್ತಾಗಲಿ ಎಂದು. ಫಾರ್ಮಲಿನ್ ಡಬ್ಬಿ ಹಿಡಿದು ನಿಂತವನು ನಾನು. ಆಮೇಲೆ ಎದೆಯ ಸ್ನಾಯುವನ್ನು ಚರ್ಮದ ಸಮೇತ ಬಿಡಿಸಿ, ಅದರ ರಕ್ತನಾಳ ಕಡಿಯದೆ, ಕತ್ತಿನ ಚರ್ಮದಡಿ ಹಾಯಿಸಿ ತಂದು ಕೆನ್ನೆಯ ಖಾಲಿ ಜಾಗಕ್ಕೆ ತೇಪೆಯಾಗಿ ಹೊಲಿದರು. ಇಂಥ ತೇಪೆಗೇ ಫ್ಲ್ಯಾಪ್ ಎನ್ನುತ್ತಾರೆ. ಸ್ಟೀಫನ್ ಅರಿಯಾನ್ ಎಂಬ ಸರ್ಜನ್ 1979ರಲ್ಲಿ ವಿವರಿಸಿದ ಫ್ಲ್ಯಾಪ್ ಇದು.

ಓಟಿಯಲ್ಲಿ ಕಂಡದ್ದು ಇಷ್ಟು. ಅರ್ಧ ಕೆಲಸ ಬಾಕಿ ಇತ್ತು ಎಂಬುದು ವಾರ್ಡಿಗೆ ಬಂದ ಮೇಲೆ ತಿಳಿಯಿತು. ಸರ್ಜರಿಯಲ್ಲಿ ಸ್ನಾತಕೋತ್ತರ ಓದುತ್ತಿದ್ದ ಪಿಜಿ ಮೇಡಂ ರಾತ್ರಿಯಿಡೀ ಗಂಟೆಗೊಮ್ಮೆ ಟಾರ್ಚ್ ಹಾಕಿ ಫ್ಲ್ಯಾಪಿನ ಬಣ್ಣ ನೋಡುತ್ತಿದ್ದರು. ಬಿಳಿಚಿದರೆ ರಕ್ತ ಬರುತ್ತಿಲ್ಲ. ನೀಲಿಗಟ್ಟಿದರೆ ಬಂದ ರಕ್ತ ಮರಳುತ್ತಿಲ್ಲ. ಸಂಶಯ ಬಂದರೆ ಸೂಜಿಯಿಂದ ಚುಚ್ಚಿ, ಕೆಂಪು ಹನಿ ಕಂಡ ಮೇಲೇ ಕೂರುವರು. ಮೂಗಿನ ನಳಿಗೆಯಲ್ಲಿ ಅಂಬಲಿ ಹಾಕುವುದನ್ನು ಸಿಸ್ಟರ್ ಒಬ್ಬರು ಕಾಕಾನ ಹೆಂಡತಿಗೆ ಬೇಸರಿಸದೆ ಕಲಿಸಿದರು: ಸೋಸಬೇಕು, ತಲೆಕಡೆ ಎತ್ತರಿಸಬೇಕು, ಕೊನೆಗೆ ನೀರು ಬಿಡಬೇಕು. ಗಂಟಲಿಗೆ ಟ್ಯೂಬ್ ಇದ್ದುದರಿಂದ ಮಾತಾಡಲಾಗದ ಕಾಕಾ ಪಾಟಿ ಕೇಳಿ ಪಡೆದು ಮೊದಲು ಬರೆದದ್ದು: "ಕಾಯಿ ಬಿಡಿಸಿದ್ರೇನ?" ಹೊಲದಲ್ಲಿ ಮೆಣಸಿನಕಾಯಿ ಹಣ್ಣಾಗಿತ್ತು.

ಪೆಥಾಲಜಿ ವರದಿಯಲ್ಲಿ, ತೆಗೆದ ಭಾಗದ ಅಂಚುಗಳು ಚೊಕ್ಕ ಇದ್ದವು, ಅಲ್ಲಿ ಕ್ಯಾನ್ಸರ್ ಇರಲಿಲ್ಲ. ಗ್ರಂಥಿಗಳಲ್ಲಿ ರೋಗವಿತ್ತು, ಹಾಗಾಗಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ರೇಡಿಯೇಷನ್‌ಗೆ ಕಳಿಸಿದರು.

ನಾನೀಗ ರೋಣ ತಾಲ್ಲೂಕಿನಲ್ಲಿದ್ದೇನೆ. ಬಿಪಿ ತೋರಿಸಲು ಬಂದವರದೂ ಬಾಯಿ ತೆಗೆಸಿ ನೋಡುತ್ತೇನೆ. ಬಿಳಿ ಮಚ್ಚೆಯೋ ಎರಡು ವಾರವಾದರೂ ಮಾಯದ ಹುಣ್ಣೋ ಕಂಡರೆ, ನೋವಿಲ್ಲ ಎಂದರೂ ಹುಬ್ಬಳ್ಳಿಗೆ ಚೀಟಿ ಬರೆಯುತ್ತೇನೆ. ಹೋದರೋ ಇಲ್ಲವೋ ಎಂದು ಆಶಾ ಕಾರ್ಯಕರ್ತೆಯರನ್ನು ಮನೆಗೆ ಕಳಿಸಿ ಕೇಳಿಸುತ್ತೇನೆ.