ಧನುರ್ಮಾಸದ ಮದುವೆ, ಅಚ್ಚಾಗದ ಒಂದು ಫೋಟೋ

ಧನುರ್ಮಾಸ ಬಂತು ಅಂದ್ರೆ ಮದುವೆ ಫೋಟೋ ತೆಗೆಯುವ ನಮ್ಮಂಥವರಿಗೆ ರಜೆ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಛತ್ರಗಳೆಲ್ಲ ಖಾಲಿ. ಲೆನ್ಸ್ ಒರೆಸೋದು, ಬಾಕಿ ಆಲ್ಬಂ ಮುಗಿಸೋದು, ಬರಬೇಕಾದ ದುಡ್ಡಿಗೆ ಫೋನ್ ಮಾಡೋದು, ಇಷ್ಟೇ ಕೆಲಸ. ಅಂಥ ಹೊತ್ತಲ್ಲಿ ತೀರ್ಥಹಳ್ಳಿ ಕಡೆಯ ಹುಡುಗಿಯೊಬ್ಬಳು ಫೋನ್ ಮಾಡಿದಳು. "ಅಣ್ಣ, ಡಿಸೆಂಬರ್ ಕೊನೇ ಭಾನುವಾರ ಬರ್ತೀರಾ? ನನ್ನ ಮದುವೆ."

ಧನುರ್ಮಾಸ ಅಲ್ವಾ ಅಂದೆ.

"ಮಂತ್ರ ಮಾಂಗಲ್ಯ ಅಣ್ಣ. ಎಲ್ಲರಿಗೂ ರಜೆ ಇರೋ ದಿನವೇ ಮುಹೂರ್ತ."

ನಮ್ಮ ಕಡೆಯವರಿಗೆ ಇದು ಹೊಸದಲ್ಲ. 1966ರಲ್ಲಿ ಕುವೆಂಪು ತಮ್ಮ ಮಗ ತೇಜಸ್ವಿಯ ಮದುವೆಯನ್ನು ಹೀಗೆ ಮಾಡಿಸಿದರು. ಪುರೋಹಿತರಿಲ್ಲ, ವರದಕ್ಷಿಣೆ ಇಲ್ಲ, ರಾಹುಕಾಲ ನೋಡುವುದಿಲ್ಲ. ಯಾರಾದರೂ ಒಬ್ಬರು ಮಂತ್ರವನ್ನು ಕನ್ನಡದ ಅರ್ಥದ ಜೊತೆ ಓದುತ್ತಾರೆ, ಗಂಡು ಹೆಣ್ಣು ಪ್ರತಿಜ್ಞೆ ಮಾಡುತ್ತಾರೆ, ಮದುವೆ ಮುಗೀತು. ನಾನು ಈ ಹುಡುಗಿಯ ಮದುವೆಗೂ ಮೊದಲು ಎರಡು ಮಂತ್ರ ಮಾಂಗಲ್ಯ ತೆಗೆದಿದ್ದೆ. ಆದರೆ ಆಗ ನನ್ನ ತಲೆಯಲ್ಲಿ ಮ್ಯಾಗಜಿನ್ ಇರಲಿಲ್ಲ.

ಈ ಸಲ ಇತ್ತು. ಎರಡು ವರ್ಷದಿಂದ ಮದುವೆ ಬ್ಲಾಗ್‌ಗಳಿಗೆ, ಪತ್ರಿಕೆಗಳಿಗೆ ಫೋಟೋ ಕಳಿಸುತ್ತಿದ್ದೆ. ಒಂದರಲ್ಲೂ ಬಂದಿರಲಿಲ್ಲ. ಅಪ್ಪನ ಕಾಲದಲ್ಲಿ ಊರವರೇ ಬಾಯಲ್ಲಿ ಹೇಳಿ ಕೆಲಸ ತರುತ್ತಿದ್ದರು. ಈಗ ಬೆಂಗಳೂರಿನ ಹುಡುಗ ಹುಡುಗಿ ಮೊದಲು ಹುಡುಕೋದೇ ನೆಟ್ಟಲ್ಲಿ. ಅಲ್ಲಿ ಒಂದು ಸಲ ಹೆಸರು ಬಂದರೆ ಶಿವಮೊಗ್ಗದ ಸ್ಟುಡಿಯೋಗೂ ಫೋನ್ ಬರುತ್ತೆ. ಆ ಆಸೆ ನನಗೆ ತುಂಬಾ ಇತ್ತು.

ಮೊದಲ ಎರಡು ಸಲ ಯಾಕೆ ಬೇಡ ಅಂದರು ಅಂತ ನಿಧಾನಕ್ಕೆ ಅರ್ಥವಾಯಿತು. ಒಂದು ಮದುವೆಯದು ಇನ್ನೂರು ಫೋಟೋ ಕಳಿಸಿದ್ದೆ. ಅಷ್ಟನ್ನು ಯಾರು ನೋಡುತ್ತಾರೆ? ಇನ್ನೊಂದನ್ನು ಕಳಿಸುವ ಮೊದಲೇ ಇನ್‌ಸ್ಟಾಗ್ರಾಂನಲ್ಲಿ ಹಾಕಿಬಿಟ್ಟಿದ್ದೆ. ಎಲ್ಲರೂ ನೋಡಿಯಾದದ್ದು ಅವರಿಗೆ ಬೇಡ. ಫೋಟೋ ಮೇಲೆ ಸ್ಟುಡಿಯೋ ಹೆಸರಿನ ಮುದ್ರೆ ಇರಬಾರದು ಅನ್ನೋದೂ ಗೊತ್ತಿರಲಿಲ್ಲ. ಅಚ್ಚಿಗೆ ಹೋಗುವ ಫೋಟೋ ಬೇರೆಯೇ ಲೆಕ್ಕ. ಇಂಚಿಗೆ 300 ಪಿಕ್ಸೆಲ್ ಬೇಕು, ಅಂದರೆ ಹನ್ನೆರಡು ಇಂಚಿನ ಪುಟಕ್ಕೆ 3600. ಪುಟ ಉದ್ದಕ್ಕಿರೋದರಿಂದ ಉದ್ದ ಫೋಟೋ ಜಾಸ್ತಿ ಇರಬೇಕು. ಎರಡು ಪುಟಕ್ಕೆ ಹಾಸುವ ಫೋಟೋ ಆದರೆ ಮಧ್ಯದಲ್ಲಿ ಮುಖ ಇರಬಾರದು, ಹೊಲಿಗೆಯೊಳಗೆ ಹೋಗಿಬಿಡುತ್ತೆ.

ಇದನ್ನೆಲ್ಲ ತಲೆಯಲ್ಲಿಟ್ಟುಕೊಂಡೇ ಆ ಮನೆಗೆ ಹೋದೆ. ಹೋದಮೇಲೆ ಮರೆತೆ.

ಅಂಗಳದಲ್ಲಿ ಅಡಿಕೆ ಮರ ಸೀಳಿದ ದಬ್ಬೆ ಹಾಸಿ, ಮೇಲೆ ಸೋಗೆ ಹೊದಿಸಿದ ಚಪ್ಪರ. ಕಂಬಕ್ಕೆ ಸಿಂಗಾರ, ಅಂದರೆ ಅಡಿಕೆ ಹೂವು, ಮಾವಿನ ತೋರಣ. ಬೆಳಗ್ಗೆ ಹತ್ತರ ಬಿಸಿಲು ಸೋಗೆಯ ಸಂದಿಯಿಂದ ಇಳಿದು ಎಲ್ಲರ ಮೈಮೇಲೆ ಕಾಸು ಚೆಲ್ಲಿದ ಹಾಗೆ ಬಿದ್ದಿತ್ತು. ನೋಡೋಕೆ ಚಂದ, ಫೋಟೋಗೆ ಕಷ್ಟ. ಕೆನ್ನೆ ಮೇಲೆ ಒಂದು ಬಿಳಿ ಚುಕ್ಕೆ, ಕಣ್ಣಿನ ಸುತ್ತ ಕತ್ತಲು. ಬಿಳಿ ಚುಕ್ಕೆ ಸುಟ್ಟುಹೋಗದ ಹಾಗೆ ಅಳತೆ ಇಟ್ಟು, ನೆರಳನ್ನು ಆಮೇಲೆ ಎತ್ತಿಕೊಂಡರಾಯಿತು ಅಂತ ತೆಗೆಯುತ್ತಾ ಹೋದೆ.

ಹಾರ ಬದಲಾಯಿಸುವ ಹೊತ್ತಿಗೆ ಹುಡುಗಿ ಸುತ್ತ ನೋಡಿ "ಅಜ್ಜಿ ಎಲ್ಲಿ?" ಅಂದಳು. ಅಜ್ಜಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ಅಜ್ಜ ತೀರಿಕೊಂಡು ಇಪ್ಪತ್ತು ವರ್ಷ ಆಗಿದೆಯಂತೆ. ಅಷ್ಟೂ ವರ್ಷ ಯಾವ ಮದುವೆಯಲ್ಲೂ ಅವರು ಮಂಟಪದ ಹತ್ತಿರ ಬಂದವರಲ್ಲ. ಹುಡುಗಿ ಹೋಗಿ ಕೈಹಿಡಿದು ಕರೆತಂದಳು. "ನೀನೇ ಕೊಡಜ್ಜಿ" ಅಂದಳು. ಅಜ್ಜಿ ಹಾರ ಎತ್ತಿ ಮೊಮ್ಮಗಳ ಕೈಗೆ ಕೊಟ್ಟರು.

ಆ ಹೊತ್ತಿಗೆ ನಾನು ತೆಗೆದ ಫೋಟೋದಲ್ಲಿ ಅಜ್ಜಿಯ ಕೈಯೇ ಮೊದಲು ಕಣ್ಣಿಗೆ ಬೀಳುತ್ತೆ. ಅಡಿಕೆ ಕೊಯ್ಲಿನ ಕಾಲ ಅದು. ಸುಲಿದೂ ಸುಲಿದೂ ಬೆರಳ ತುದಿಯೆಲ್ಲ ಚೊಗರಿನಿಂದ ಕಪ್ಪಾಗಿತ್ತು. ಆ ಕಪ್ಪು ಬೆರಳಲ್ಲಿ ಬಿಳಿ ಮಲ್ಲಿಗೆ ಹಾರ, ಮಣಿಕಟ್ಟಿನ ಮೇಲೆ ಬಿಸಿಲಿನ ಒಂದು ಚುಕ್ಕೆ. ಹಿಂದೆ ಅವರ ಮುಖ, ಅಳುವನ್ನು ತಡೆದುಕೊಂಡಿರುವ ಮುಖ. ಹದಿನೈದು ವರ್ಷದಲ್ಲಿ ನಾನು ತೆಗೆದದ್ದರಲ್ಲಿ ಅದಕ್ಕಿಂತ ಒಳ್ಳೆಯ ಫೋಟೋ ಇಲ್ಲ.

ಎಪ್ಪತ್ತು ಫೋಟೋ ಆರಿಸಿದೆ. ಪತ್ರಿಕೆಯೊಂದಕ್ಕೆ ನೋಡೋಕಂತ ಚಿಕ್ಕ ಸೈಜಿನಲ್ಲಿ ಹತ್ತು ಕಳಿಸಿದೆ. ಅಜ್ಜಿಯದೂ ಅದರಲ್ಲಿತ್ತು. ನಾಲ್ಕೇ ದಿನಕ್ಕೆ ಉತ್ತರ ಬಂತು. ನಾಲ್ಕು ಪುಟ ಕೊಡ್ತೀವಿ, ಅಜ್ಜಿಯ ಫೋಟೋದಿಂದಲೇ ಶುರು ಮಾಡ್ತೀವಿ, ಮನೆಯವರ ಒಪ್ಪಿಗೆ ಪತ್ರ ಕಳಿಸಿ. ಜೊತೆಗೆ ಅಲಂಕಾರ ಯಾರದು, ಸೀರೆ ಎಲ್ಲಿಯದು, ಮೇಕಪ್ ಯಾರು, ಊಟ ಯಾರದು ಅಂತ ಒಂದು ಪಟ್ಟಿ.

ಒಪ್ಪಿಗೆ ಅನ್ನೋದು ಸುಮ್ನೆ ಮರ್ಯಾದೆಯ ಮಾತಲ್ಲ. ನಮ್ಮಲ್ಲಿ ಬಹಳ ಫೋಟೋಗ್ರಾಫರ್‌ಗಳು, ನಾನು ತೆಗೆದದ್ದು ನಂದೇ ಅಂದುಕೊಂಡಿದ್ದಾರೆ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕು ತೆಗೆಸಿದವರದು, ಬೇರೆ ಒಪ್ಪಂದ ಮಾಡಿಕೊಂಡಿದ್ದರೆ ಮಾತ್ರ ಬೇರೆ ಮಾತು. ಹತ್ತು ಫೋಟೋ ಕಳಿಸುವ ಮುಂಚೆಯೇ ನಾನು ಕೇಳಬೇಕಿತ್ತು. ಕೇಳಿರಲಿಲ್ಲ. ಅದು ನನ್ನ ತಪ್ಪು.

ಬೈಕ್ ಹತ್ತಿ ಹೋದೆ. ಹುಡುಗಿಗೆ ಖುಷಿಯೋ ಖುಷಿ, ಆಗಲೇ ಸಹಿ ಹಾಕಿಕೊಟ್ಟಳು. ಅಜ್ಜಿಗೆ ಫೋಟೋ ತೋರಿಸಿದೆ. ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಚೆನಾಗಿ ಬಂದದೆ. ಪುಸ್ತಕಕ್ಕೆ ಬ್ಯಾಡ ಮಾರಾಯ."

ಹುಡುಗಿ ಯಾಕಜ್ಜಿ ಅಂತ ಜೋರಾದಳು. ಅಜ್ಜಿ ಸಿಟ್ಟಾಗಲಿಲ್ಲ. "ತವರುಮನೇಲಿ ಬರೋ ವರ್ಷ ಮದುವೆ ಅದೆ. ಇದನ್ನ ನೋಡಿದ್ರೆ ಅಲ್ಲೂ ಮುಂದೆ ಬಂದುಬಿಡ್ತೀನೇನೋ ಅಂತ ಕರೆಯೋಕೇ ಹಿಂದೆಮುಂದೆ ನೋಡ್ತಾರೆ. ನಂಗೆ ಆ ಮದುವೆಗೆ ಹೋಗ್ಬೇಕು" ಅಂದರು.

ನಾನು ಒತ್ತಾಯ ಮಾಡಲಿಲ್ಲ. ದಾರಿಯುದ್ದಕ್ಕೂ ಹೊಟ್ಟೆಯಲ್ಲಿ ಸಂಕಟ ಆಗಿದ್ದು ನಿಜ. ಆಗುಂಬೆ ಕಡೆಯಿಂದ ಮಂಜು ಇಳಿಯುತ್ತಿತ್ತು. ಒಂದು ಕಡೆ ಬೈಕ್ ನಿಲ್ಲಿಸಿ ಫೋನಿನಲ್ಲಿ ಮತ್ತೆ ಅದನ್ನೇ ನೋಡಿದೆ. ಒಂದು ಹಾರ ಎತ್ತಿಕೊಟ್ಟ ಕೈಗೆ ಇಷ್ಟೊಂದು ಹೆದರಿಕೆ ಯಾಕೆ ಅಂತ ಸಿಟ್ಟು ಬಂತು, ಅಜ್ಜಿಯ ಮೇಲಲ್ಲ. ರಾತ್ರಿ ಪತ್ರಿಕೆಯವರಿಗೆ ಬರೆದೆ. ಆ ಫೋಟೋ ಬಿಟ್ಟು ಉಳಿದದ್ದು ತಗೊಳ್ಳಿ, ಅದನ್ನು ಅಳಿಸಿಬಿಡಿ ಅಂದೆ. ಪಟ್ಟಿಯನ್ನೂ ಕಳಿಸಿದೆ. ಅಲಂಕಾರ: ಮೇಲಿನಮನೆ, ಕೆಳಗಿನಮನೆಯವರು. ಸಿಂಗಾರ: ಸ್ವಂತ ತೋಟದ್ದು. ಸೀರೆ: ಹುಡುಗಿಯ ಅಮ್ಮನ ಧಾರೆ ಸೀರೆ. ಮೇಕಪ್: ಚಿಕ್ಕಮ್ಮನ ಮಗಳು. ಊಟ: ಊರವರೇ, ಹೆಸರು ಸಮೇತ.

ನಾಲ್ಕು ಪುಟ ಎರಡಾಯಿತು. ಏಪ್ರಿಲ್‌ನಲ್ಲಿ ಅಚ್ಚಾಗಿ ಬಂತು. ಕೆಂಪು ಬಣ್ಣ ನನ್ನ ಸ್ಕ್ರೀನಿನಲ್ಲಿ ಇದ್ದಷ್ಟು ಇರಲಿಲ್ಲ, ಅಚ್ಚಿನ ಶಾಯಿಯಲ್ಲಿ ಅದು ಯಾವಾಗಲೂ ಸ್ವಲ್ಪ ಸಪ್ಪೆ. ಆದರೂ ನನ್ನ ಹೆಸರು ನೋಡಿ ಅಪ್ಪ ಅಂಗಡಿಗೆ ಬಂದವರಿಗೆಲ್ಲ ತೋರಿಸಿದರು. ಆ ಬೇಸಿಗೆಯಲ್ಲಿ ಬೆಂಗಳೂರಿನಿಂದ ಎರಡು ಮದುವೆ ಸಿಕ್ಕವು.

ಒಂದು ಪ್ರತಿ ಹಿಡಿದು ಆ ಮನೆಗೆ ಹೋದೆ. ಜೊತೆಗೆ ಅಜ್ಜಿಯ ಫೋಟೋವನ್ನು 12×18 ಇಂಚಿನಲ್ಲಿ ಪ್ರಿಂಟ್ ಹಾಕಿಸಿ ಒಯ್ದಿದ್ದೆ. ಇದನ್ನು ಬರೆಯಬಹುದಾ ಅಂತಲೂ ಕೇಳಿದೆ. "ಬರಿ. ಬರೆದ್ರೆ ಮುಖ ಕಾಣಲ್ವಲ್ಲ. ಊರು ಹೆಸರು ಹಾಕ್ಬ್ಯಾಡ" ಅಂದರು.

ಜಗಲಿಯಲ್ಲಿ ಕೂತು ಪತ್ರಿಕೆ ಬಿಡಿಸಿದೆ. ಅಜ್ಜಿ ಹುಡುಗ ಹುಡುಗಿಯನ್ನು ಒಂದು ಸಲ ನೋಡಿ, ಚಪ್ಪರದ ಫೋಟೋ ಮೇಲೆ ಬೆರಳಿಟ್ಟರು. ಚೊಗರಿನ ಕಪ್ಪು ಅಷ್ಟು ಹೊತ್ತಿಗೆ ಬಿಟ್ಟಿತ್ತು. "ಈ ಮೂಲೆ ಗಂಟು ಕೆಳಗಿನಮನೆಯವ ಹಾಕಿದ್ದು. ಗಾಳಿಗೆ ಬಿಚ್ಚಿ ಮತ್ತೆ ಕಟ್ಟಿದ. ಅವನದು ಬಂದದಾ?" ಕೊನೆಯ ಸಾಲುಗಳಲ್ಲಿದ್ದ ಆ ಹೆಸರಿನ ಪಟ್ಟಿಯನ್ನು ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು.

ಆಮೇಲೆ ಪ್ರಿಂಟನ್ನು ತಗೊಂಡು ಒಳಗೆ ಹೋದರು. ಟ್ರಂಕಿನ ಮುಚ್ಚಳ ತೆಗೆದ ಸದ್ದು, ಮುಚ್ಚಿದ ಸದ್ದು ಕೇಳಿಸಿತು. ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು ಕೂತರು.

"ಊಟ ಮಾಡಿದವರ ಹೆಸರಲ್ಲ, ಅಡುಗೆ ಮಾಡಿದವರದು ಹೇಳಿದ್ಯಲ್ಲ, ಅದನ್ನ ಇನ್ನೊಂದ್ಸಲ ಓದು."