ಬಟ್ಟೆ ತಂತಿಗೆ ಕಂಬ ನೆಟ್ಟಿದ್ದು

ನವೆಂಬರ್ 16, 2024, ಶನಿವಾರ

ಹಿತ್ತಲಿನ ಹಳೇ ಕಂಬ ಕೀಳಲು ಹಾರೆ ಬೇಕಾಗಲಿಲ್ಲ. ಎರಡು ಸಲ ಅಲ್ಲಾಡಿಸಿದ್ದಕ್ಕೆ ಬುಡದಲ್ಲೇ ಲಟಕ್ಕೆಂದಿತು. ಮೇಲಿನ ಪೈಪು ಗಟ್ಟಿಯಾಗಿದೆ, ಮಣ್ಣಿನೊಳಗಿನದ್ದೂ ಪರವಾಗಿಲ್ಲ. ತುಕ್ಕು ತಿಂದಿರುವುದು ನೆಲ ಮುಟ್ಟುವ ನಾಲ್ಕು ಬೆರಳಿನಷ್ಟು ಜಾಗವನ್ನು ಮಾತ್ರ. ಕಾಂಕ್ರೀಟನ್ನು ನೆಲಕ್ಕಿಂತ ತಗ್ಗಿನಲ್ಲಿ ನಿಲ್ಲಿಸಿದ್ದರಿಂದ ಮಳೆನೀರು ಕಂಬದ ಸುತ್ತ ಬಟ್ಟಲಿನಂತೆ ನಿಲ್ಲುತ್ತಿತ್ತು.

ಕಂಬ ಮನೆಯ ಕಡೆಗೆ ವಾಲಿಯೂ ಇತ್ತು. ಬಟ್ಟೆಯ ಭಾರಕ್ಕೆ ವಾಲಿದ್ದಲ್ಲ, ತಂತಿಯನ್ನು ವೀಣೆಯ ತಂತಿಯಂತೆ ಬಿಗಿದಿದ್ದಕ್ಕೆ. ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಒದ್ದೆ ಬಟ್ಟೆಯ ಭಾರವನ್ನು ತಂತಿಯ ಉದ್ದದಿಂದ ಗುಣಿಸಿ, ನಡುವಿನ ಜೋಲಿನ ಎಂಟರಷ್ಟರಿಂದ ಭಾಗಿಸಿದರೆ ಕಂಬದ ಮೇಲಿನ ಎಳೆತ ಸಿಗುತ್ತದೆ. 20 ಅಡಿ ಉದ್ದ, 15 ಕೆ.ಜಿ. ಬಟ್ಟೆ, ಬಟ್ಟೆ ಹಾಕಿದ ಮೇಲೆ ಆರಿಂಚು ಜೋಲು ಎಂದರೆ ಎಳೆತ 75 ಕೆ.ಜಿ. ಅದೇ ಬಟ್ಟೆಗೆ ಎರಡೇ ಇಂಚು ಜೋಲು ಬಿಟ್ಟರೆ 225 ಕೆ.ಜಿ.! ಎರಡಿಂಚಿನ ಪೈಪೂ ಅದಕ್ಕೆ ಬಾಗುತ್ತದೆ.

ಸಂಜೆ ತಂದ ಸಾಮಾನು: ಎರಡಿಂಚಿನ ಜಿ.ಐ. (ಸತು ಲೇಪದ ಕಬ್ಬಿಣ) ಪೈಪು ಒಂದು, ಬಿ ಕ್ಲಾಸ್, ಅಂದರೆ ನೀಲಿ ಪಟ್ಟಿಯದು. ಹಳದಿ ಪಟ್ಟಿಯ ಎ ಕ್ಲಾಸ್ ತೆಳು, ಇದಕ್ಕೆ ಬೇಡ. ಪೈಪು 6 ಮೀಟರ್ ಬರುತ್ತದೆ. ಎಂಟೂವರೆ ಅಡಿಯ ಎರಡು ಕಂಬ ಕತ್ತರಿಸಿದರೆ ಮಿಕ್ಕುವ ಎರಡೂವರೆ ಅಡಿ ತುಂಡು ಕಾಂಕ್ರೀಟ್ ಕುತ್ತಲು ಆಗುತ್ತದೆ. ತಂತಿ ಕಟ್ಟುವ ಅಡ್ಡ ತೋಳಿಗೆ 40×40×5 ಮಿ.ಮೀ. ಆಂಗ್ಲರ್ (L ಆಕಾರದ ಕಬ್ಬಿಣದ ಪಟ್ಟಿ), ಮೂರು ಅಡಿಯದು ಎರಡು. ಸಿಮೆಂಟು ಒಂದು ಮೂಟೆ, ಎಂ-ಸ್ಯಾಂಡ್ ಎರಡೂವರೆ ಘನ ಅಡಿ, 20 ಮಿ.ಮೀ. ಜಲ್ಲಿ ಐದು ಘನ ಅಡಿ.

ವೆಲ್ಡಿಂಗ್ ಅಂಗಡಿಯಲ್ಲಿ ಮೂರು ಮಾತು ಹೇಳಿ ಮಾಡಿಸಬೇಕು. ಮೊದಲನೆಯದು, ಬೆಸುಗೆಯ ಜಾಗದ ಸತುವಿನ ಲೇಪ ಉಜ್ಜಿ ತೆಗೆಯಬೇಕು. ಇಲ್ಲದಿದ್ದರೆ ಏಳುವ ಬಿಳಿ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ. ಬೆಸುಗೆ ಮುಗಿದ ಮೇಲೆ ಅಲ್ಲಿಗೆ ಜಿಂಕ್ ಪ್ರೈಮರ್. ಎರಡನೆಯದು, ಪೈಪಿನ ಮೇಲ್ಬಾಯಿಗೆ ತಗಡು ಮುಚ್ಚಿ, ಅದರ ಮೇಲೆ ಆಂಗ್ಲರ್ ಕೂರಿಸಬೇಕು. ಬಾಯಿ ತೆರೆದಿದ್ದರೆ ಮಳೆನೀರು ಒಳಗಿಳಿದು ಒಳಗಿಂದಲೇ ತುಕ್ಕು, ಜೊತೆಗೆ ಕಣಜದ ಗೂಡು ಬಿಟ್ಟಿ. ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ಬುಡದಿಂದ ಆರಿಂಚು ಮೇಲೆ 12 ಮಿ.ಮೀ. ಸರಳಿನ ಅಡ್ಡತುಂಡು. ಒಂದೇ ಬದಿಯ ತಂತಿಗೆ ಬೆಡ್‌ಶೀಟ್ ಬಿದ್ದಾಗ ನುಣುಪಾದ ದುಂಡು ಪೈಪು ಕಾಂಕ್ರೀಟಿನೊಳಗೇ ತಿರುಗಿಬಿಡುತ್ತದೆ. ಅಡ್ಡಸರಳು ಇದ್ದರೆ ತಿರುಗದು.

ನವೆಂಬರ್ 17, ಭಾನುವಾರ

ಎರಡು ಗುಂಡಿ, 20 ಅಡಿ ಅಂತರ. ಐದೂವರೆ ಮೀಟರಿನ ಸೀರೆ ಮಡಿಸದೆ ಉದ್ದಕ್ಕೆ ಹರಡಲು ಇಷ್ಟು ಬೇಕೇ ಬೇಕು. ಅಗೆಯುವ ಮೊದಲು ಮೇಲೆ ಕೆಳಗೆ ಎರಡೂ ಕಡೆ ನೋಡಿಕೊಳ್ಳಬೇಕು: ಕೆಳಗೆ ಸಂಪಿನ ಪೈಪು, ಅರ್ಥಿಂಗ್ ಗುಂಡಿ, ಮೇಲೆ ಕರೆಂಟಿನ ತಂತಿ.

ಗುಂಡಿ ಒಂದಡಿ ಚೌಕ, ಎರಡೂ ಮುಕ್ಕಾಲು ಅಡಿ ಆಳ, ತಳದಲ್ಲಿ ಸ್ವಲ್ಪ ಅಗಲ. ಕೆಂಪು ಮಣ್ಣಿಗೆ ಇಷ್ಟು ಸಾಕು. ಎರೆ ಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುತ್ತದೆ, ಅಲ್ಲಿ ಇನ್ನೊಂದಡಿ ಇಳಿಸಬೇಕು, ಪೈಪೂ ಅಷ್ಟೇ ಉದ್ದ ಬೇಕು. ತಳಕ್ಕೆ ಮೂರಿಂಚು ಜಲ್ಲಿ, ಅದರ ಮೇಲೆ ಕಂಬ. ನೆಲಮಟ್ಟದ ಮೇಲೆ ಕೆಳಗೆ ಆರಾರು ಇಂಚು ಟಾರು ಬಣ್ಣ ಬಳಿದಾಗಿತ್ತು.

ಕಾಂಕ್ರೀಟ್ 1:2:4, ಅಂದರೆ ಸಿಮೆಂಟು ಒಂದು ಪಾಲು, ಮರಳು ಎರಡು, ಜಲ್ಲಿ ನಾಲ್ಕು. ಮೂಟೆಗೆ 25 ಲೀಟರ್ ನೀರು. ಮರಳು ಒದ್ದೆಯಿದ್ದರೆ ಇನ್ನೂ ಕಡಿಮೆ. ಹುಳಿಯಂತೆ ತೆಳ್ಳಗೆ ಕಲಸಿದರೆ ಸುರಿಯಲು ಸುಲಭ, ಆದರೆ ಗಟ್ಟಿತನ ಹೋಯಿತು. ಅರ್ಧರ್ಧ ಅಡಿ ಸುರಿದು ಕುತ್ತುತ್ತಾ ಬಂದದ್ದು. ಕಂಬವನ್ನು ತೂಗುಗುಂಡಿನ ನೇರಕ್ಕೆ ನಿಲ್ಲಿಸಲಿಲ್ಲ, ಬೇಕೆಂದೇ ತುದಿಯನ್ನು ಒಂದಿಂಚು ಹೊರಕ್ಕೆ ವಾಲಿಸಿದ್ದು. ಎಳೆತ ಬಿದ್ದ ಮೇಲೆ ನೆಟ್ಟಗಾಗುತ್ತದೆ. ಮೇಲ್ಭಾಗವನ್ನು ನೆಲದಿಂದ ಎರಡಿಂಚು ಎತ್ತರಿಸಿ, ಕರಣೆಯಲ್ಲಿ ಸುತ್ತಲೂ ಇಳಿಜಾರು ತೀಡಿ, ಕಂಬಕ್ಕೆ ಮೂರು ಕಡೆ ಆಸರೆ ಕೊಟ್ಟಾಯಿತು. ಏಳು ದಿನ ಗೋಣಿತಾಟು ಹೊದಿಸಿ ನೀರು.

ನವೆಂಬರ್ 24, ಭಾನುವಾರ

ತಂತಿ ಕಟ್ಟಿದ್ದು. ನೈಲಾನ್ ಹಗ್ಗ ಬಿಸಿಲಿಗೆ ಪುಡಿಯಾಗಿ ಉದುರುತ್ತದೆ. ಜಿ.ಐ. ತಂತಿಯ ಲೇಪ ಸವೆದ ದಿನದಿಂದ ಬಿಳಿ ಪಂಚೆಯ ಮೇಲೆ ಕಂದು ಗೆರೆ. ಪ್ಲಾಸ್ಟಿಕ್ ಹೊದಿಕೆಯದು ಚೆನ್ನಾಗಿ ಕಾಣುತ್ತದೆ, ಆದರೆ ಹೊದಿಕೆ ಬಿರುಕು ಬಿಟ್ಟು ನೀರು ಹೊಕ್ಕರೆ ಒಳಗೊಳಗೇ ತುಕ್ಕು. ಹಾಗಾಗಿ 3 ಮಿ.ಮೀ. ಸ್ಟೀಲ್ ವೈರ್ ರೋಪ್, 304 ದರ್ಜೆಯ ಸ್ಟೇನ್‌ಲೆಸ್, ಮೂರು ಸಾಲು, ಸಾಲಿಗೆ ಹದಿನೈದಿಂಚು ಅಂತರ. ಒಂದು ತುದಿಗೆ ಐ-ಬೋಲ್ಟ್ (ತಲೆಯಲ್ಲಿ ಬಳೆಯಿರುವ ಬೋಲ್ಟು), ಇನ್ನೊಂದಕ್ಕೆ ತಿರುಗಿಸಿ ತಂತಿ ಬಿಗಿಯುವ 8 ಮಿ.ಮೀ. ಟರ್ನ್‌ಬಕಲ್.

ತಂತಿಯ ತುದಿಯನ್ನು ಕುಣಿಕೆಯಾಗಿ ಮಡಿಸಿ ಹಿಡಿಯಲು ಎರಡೆರಡು ಯು-ಕ್ಲಾಂಪು. ಬಾಗಿದ ಯು ಭಾಗ ಮಿಕ್ಕ ಬಾಲದ ಮೇಲೆ ಕೂರಬೇಕು, ಕ್ಲಾಂಪಿನ ದಪ್ಪ ತಳದ ತುಂಡು ಎಳೆತ ಹೊರುವ ಎಳೆಯ ಕಡೆಗೆ. ತಿರುವುಮುರುವಾದರೆ ಯು ಬೋಲ್ಟು ಎಳೆತದ ಎಳೆಯನ್ನೇ ಜಜ್ಜುತ್ತದೆ, ತುಂಡಾಗುವುದೂ ಅಲ್ಲೇ. ಕ್ಲಾಂಪಿಗೆ ಮೊದಲು ಮೂರು ತಂತಿಯನ್ನೂ ಕೈಯಲ್ಲಿ ಎಳೆದು, ಬರಿದಾಗಿದ್ದಾಗ ಎರಡಿಂಚು ಜೋಲು ಇರುವಂತೆ ಹಿಡಿದದ್ದು.

ಲೋಹದ ತಂತಿಯನ್ನು ಯಾವ ಕಾರಣಕ್ಕೂ ಕಿಟಕಿ ಸರಳಿಗೋ ಲೈಟ್ ಕಂಬಕ್ಕೋ ಬಿಗಿಯಬಾರದು. ಮನೆಗೆ ಬರುವ ಸರ್ವೀಸ್ ವೈರಿನ ಹೊದಿಕೆ ಸವೆದು ಎಲ್ಲೋ ತಾಗಿದರೆ, ಒದ್ದೆ ಬಟ್ಟೆ ಹಿಡಿದ ಕೈಗೆ ನೇರ ಹೊಡೆತ.

ಡಿಸೆಂಬರ್ 1, ಭಾನುವಾರ

ಫೆಂಗಲ್ ಚಂಡಮಾರುತದ ದೆಸೆಯಿಂದ ಬೆಂಗಳೂರಿನಲ್ಲಿ ಮೋಡ, ತುಂತುರು. ಏನೂ ಒಣಗುವುದಿಲ್ಲ, ಆದರೂ ಪರೀಕ್ಷೆಗೆ ಎಂದು ಹಿಂಡದ ಬೆಡ್‌ಶೀಟ್‌ಗಳನ್ನು ಹಾಕಿ ಅಳೆದದ್ದು. ನಡುವಿನ ಸಾಲು ಎಂಟಿಂಚು ಇಳಿಯಿತು. ಕ್ಲಾಂಪು ಕೂತುಕೊಳ್ಳುವಾಗ ಕೂದಲೆಳೆಯಷ್ಟು ಜಾರಿದೆ. ಕ್ಲಾಂಪಿನ ನಟ್ಟು ಇನ್ನೊಮ್ಮೆ ಬಿಗಿದು, ಟರ್ನ್‌ಬಕಲ್ ಮೂರು ಸುತ್ತು ತಿರುಗಿಸಿದರೆ ಆರಿಂಚಿಗೆ ಬಂತು. ಬುಡದ ಇಳಿಜಾರಿನಲ್ಲಿ ನೀರು ನಿಂತಿಲ್ಲ. ಟರ್ನ್‌ಬಕಲ್ ತಿರುಪುಗಳಿಗೆ ಗ್ರೀಸ್ ಹಚ್ಚುವುದು ಬಾಕಿ, ಮಳೆ ಬಿಡಲಿ.